ಪಿಕಪ್ ಬಾಡಿಯೊಳಗೆ ಕಾರ್ಪೆಟ್: ಅಂಟಿಸಬೇಡಿ, ಹಾಸಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುರವಣಿಯಲ್ಲಿ ಪಿಕಪ್ ಗಾಡಿಯ ಬಾಡಿಯೊಳಗೆ, ಅಂದರೆ ಹಿಂದೆ ಸಾಮಾನು ಹೇರುವ ಭಾಗದೊಳಗೆ, ಕಾರ್ಪೆಟ್ ಹೊದಿಸಿಕೊಳ್ಳುವ ಬಗ್ಗೆ ಬಂದ ಲೇಖನ ಓದಿದೆ. ಈ ವಿಷಯದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಅಷ್ಟರ ಮಟ್ಟಿಗೆ ಸಂತೋಷ. ಆದರೆ ಅದರಲ್ಲಿನ ಎರಡು ಸಂಗತಿಗಳನ್ನು ತಿದ್ದದೆ ಬಿಟ್ಟರೆ, ಓದಿ ಹಾಗೆಯೇ ಮಾಡಿದವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಒಂದು, ‘ತಳಕ್ಕೆಲ್ಲ ಸೊಲ್ಯೂಷನ್ ಬಳಿದು ಕಾರ್ಪೆಟ್ ಕೂರಿಸಿದರೆ ಅಲುಗಾಡುವುದಿಲ್ಲ’ ಎಂಬ ಸಲಹೆ (ಸೊಲ್ಯೂಷನ್ ಎಂದರೆ ಬಳಿದು ಒಣಗಿಸುವ ಅಂಟು). ಇನ್ನೊಂದು, ಹಾಸಿದ ಕಾರ್ಪೆಟ್ ಮೇಲೆಯೇ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಿಸುತ್ತಿರುವ ಚಿತ್ರ. ಎರಡನೆಯದು ಹೆಚ್ಚು ಅಪಾಯದ್ದು, ಅದನ್ನು ಕೊನೆಗೆ ಬಿಡಿಸಿ ಹೇಳುತ್ತೇನೆ. ಮೊದಲು ಕೆಲಸದ ಮಾತು.

ಕಾರ್ಪೆಟ್ ಯಾರಿಗೆ ಬೇಕು ಎಂಬುದನ್ನು ಲೇಖನ ಹೇಳಲೇ ಇಲ್ಲ. ಬಾಡಿಯ ಮೇಲೆ ಮುಚ್ಚಳವೋ ಕ್ಯಾನಪಿಯೋ (ಗೂಡಿನಂಥ ಮೇಲ್ಛಾವಣಿ) ಇದ್ದು, ಪೀಠೋಪಕರಣ, ವಾದ್ಯ, ಯಂತ್ರದ ನಾಜೂಕು ಭಾಗಗಳನ್ನು ಸಾಗಿಸುವವರಿಗೆ, ಒಳಗೆ ಮಂಡಿಯೂರಿ ಸಾಮಾನು ಜೋಡಿಸುವವರಿಗೆ, ರಾತ್ರಿ ಅಲ್ಲೇ ಮಲಗುವವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಜಲ್ಲಿ, ಮರಳು, ಸಿಮೆಂಟು, ಗೊಬ್ಬರ ಹೇರುವವರಿಗೆ ಇದು ಬೇಡವೇ ಬೇಡ. ಮರಳಿನ ಕಣ ಎಳೆಗಳ ಬುಡಕ್ಕಿಳಿದು ಗರಗಸದ ಹಾಗೆ ಎಳೆಯನ್ನೇ ಕೊಯ್ಯುತ್ತದೆ, ಒದ್ದೆಯಾದ ಸಿಮೆಂಟು ಒಮ್ಮೆ ಗಟ್ಟಿಯಾದರೆ ಆ ತುಂಡನ್ನು ಎಸೆಯುವುದೇ ಸರಿ. ಅಂಥವರು ಬಾಡಿಯೊಳಗೆ ಪಾಲಿಯೂರಿಯಾ ಎಂಬ ಗಟ್ಟಿ ಪ್ಲಾಸ್ಟಿಕ್ ಲೇಪ ಸಿಂಪಡಿಸಿಕೊಂಡು ಆರಾಮಾಗಿರಲಿ.

ಇನ್ನು ಅಂಟಿನ ವಿಚಾರ. ಪಿಕಪ್ ಬಾಡಿಯ ತಳ ಸಪಾಟಾಗಿರುವುದಿಲ್ಲ. ಉದ್ದಕ್ಕೆ ಏಣು, ಎರಡು ಏಣುಗಳ ನಡುವೆ ತಗ್ಗು. ಏಣು ಭಾರ ಹೊರುವುದಕ್ಕೆ. ತಗ್ಗು ಭಾರಕ್ಕಲ್ಲ, ಅದು ನೀರಿನ ಕಾಲುವೆ. ಕಾರ್ಪೆಟ್ ಹಾಸಿದಾಗ ಅದು ಏಣಿನಿಂದ ಏಣಿಗೆ ಸೇತುವೆಯಂತೆ ಕೂರುತ್ತದೆ, ಕೆಳಗೆ ಕಾಲುವೆ ಖಾಲಿ ಉಳಿಯುತ್ತದೆ. ಹಾಗೆ ಉಳಿಯಲೇಬೇಕು. ಸೊಲ್ಯೂಷನ್ ಬಳಿದರೆ ಏಣಿನ ಮೇಲಿನದು ಮಾತ್ರ ಹಿಡಿಯುತ್ತದೆ. ಕಾಲುವೆಯಲ್ಲಿ ಬಿದ್ದದ್ದು ಗಟ್ಟಿಯಾಗಿ ಅಲ್ಲಲ್ಲಿ ಒಡ್ಡು ಕಟ್ಟುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಹಿಂದಿನ ಡೋರಿನ ಸಂದಿಯಿಂದಲೋ ಮುಚ್ಚಳದ ರಬ್ಬರಿನಿಂದಲೋ ನೀರು ಒಳಗೆ ಬಂದೇ ಬರುತ್ತದೆ. ಬಂದ ನೀರು ಆ ಒಡ್ಡುಗಳ ಹಿಂದೆ ನಿಂತು, ಕಾರ್ಪೆಟ್ ಬೆನ್ನಿನ ಫೋಮ್ ಆವಿಯನ್ನೂ ಬಿಡದೆ, ತಿಂಗಳುಗಟ್ಟಲೆ ತಗಡನ್ನು ನೆನೆಸಿಡುತ್ತದೆ. ಬಣ್ಣದಲ್ಲಿ ಒಂದು ಗೀರಿದ್ದರೂ ಸಾಕು, ತುಕ್ಕು ಅಲ್ಲಿಂದ ಶುರು. ಗೊತ್ತಾಗುವುದು ಮಾತ್ರ ಯಾವಾಗಲೋ ಗಾಡಿ ಎತ್ತಿ ಕೆಳಗಿನಿಂದ ನೋಡಿದಾಗ. ಆಗ ಕಾರ್ಪೆಟ್ ಕಿತ್ತರೆ ಫೋಮ್ ಅರ್ಧ ತಗಡಿಗೆ, ಅರ್ಧ ಕೈಗೆ.

ಹಾಗಾಗಿ ಒಂದು ನಿಯಮ ಇಟ್ಟುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ: ತಳದ ಕಾರ್ಪೆಟ್ ಒಬ್ಬ ಮನುಷ್ಯ ಐದು ನಿಮಿಷದಲ್ಲಿ ಎತ್ತಿ ಹೊರಗಿಡುವಂತಿರಬೇಕು.

ಕಾರ್ಪೆಟ್ ಆಯ್ಕೆಯಲ್ಲಿ ಮೋಸ ಹೋಗುವವರೇ ಹೆಚ್ಚು. ಬೇಕಾದದ್ದು ಪಾಲಿಪ್ರೊಪಿಲೀನ್ ಎಳೆ, ಅದರ ಬೆನ್ನಿಗೆ ಕ್ಲೋಸ್ಡ್ ಸೆಲ್ ಫೋಮ್, ಅಂದರೆ ಒಳಗಿನ ಗುಳ್ಳೆಗಳು ಮುಚ್ಚಿಕೊಂಡು ನೀರು ಹೀರದ ಫೋಮ್. ಮನೆಯೊಳಗೆ ಹಾಸುವ ಸೆಣಬಿನ ಬೆನ್ನಿನ ಕಾರ್ಪೆಟ್ ತಂದರೆ ಸೆಣಬು ಕೊಳೆಯುತ್ತದೆ. ನೈಲಾನ್ ಎಳೆ ಗಟ್ಟಿ, ನಿಜ, ಆದರೆ ನೀರನ್ನು ತನ್ನೊಳಕ್ಕೇ ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಾಗಲ್ಲ, ನೀರು ಎಳೆಗಳ ನಡುವೆ ನಿಲ್ಲಬಹುದೇ ಹೊರತು ಎಳೆಯೊಳಗೆ ಹೋಗುವುದಿಲ್ಲ. ಅಂಗಡಿಯವರ ಮಾತನ್ನೇ ನಂಬಬೇಕಿಲ್ಲ. ಅಂಚಿನಿಂದ ನಾಲ್ಕು ಎಳೆ ಕಿತ್ತು ಒಂದು ಲೋಟ ನೀರಿಗೆ ಹಾಕಿ. ಪಾಲಿಪ್ರೊಪಿಲೀನಿನ ಸಾಂದ್ರತೆ ಸುಮಾರು 0.9, ಆದ್ದರಿಂದ ತೇಲುತ್ತದೆ. ನೈಲಾನಿನದು 1.14, ಪಾಲಿಯೆಸ್ಟರಿನದು ಸುಮಾರು 1.38, ಎರಡೂ ಮುಳುಗುತ್ತವೆ. ಒಂದು ಎಚ್ಚರಿಕೆ: ಎಳೆಗೆ ಗಾಳಿಗುಳ್ಳೆ ಅಂಟಿಕೊಂಡರೆ ನೈಲಾನ್ ಕೂಡ ಸ್ವಲ್ಪ ಹೊತ್ತು ತೇಲುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಎಳೆಯನ್ನು ಬೆರಳಲ್ಲಿ ಹಿಸುಕಿ ಮುಳುಗಿಸಿ ಬಿಡಿ. ಆಮೇಲೂ ಮೇಲೆ ಬಂದರೆ ನಿಜವಾದದ್ದು.

ಫೋಮಿಗೂ ಅದೇ ಲೋಟ ಸಾಕು. ಬೆಂಕಿಪೆಟ್ಟಿಗೆಯಷ್ಟು ತುಂಡನ್ನು ನೀರಿನೊಳಗೆ ಹಿಂಡಿ ಬಿಡಿ, ಹೊರತೆಗೆದು ಮತ್ತೆ ಹಿಂಡಿ. ನೀರು ಸುರಿದರೆ ಅದು ಸ್ಪಂಜು, ಓಪನ್ ಸೆಲ್, ಬೇಡ. ಮೇಲ್ಮೈ ಒದ್ದೆಯಾಗಿ ಹನಿಯೂ ಬೀಳದಿದ್ದರೆ ಕ್ಲೋಸ್ಡ್ ಸೆಲ್. ‘ಕಾರ್ಪೆಟ್ ಹಾಕಿಸಿದ ಮೇಲೆ ಗಾಡಿಯಲ್ಲಿ ಮುಗ್ಗಲು ವಾಸನೆ’ ಎಂದು ದೂರುವವರ ಗಾಡಿಯಲ್ಲಿ ಹೆಚ್ಚಾಗಿ ಇರುವುದು ಈ ಸ್ಪಂಜೇ. ಬಣ್ಣ ಕಪ್ಪೋ ಕಡುಬೂದಿಯೋ ಆಗಿರಲಿ. ಪಾಲಿಪ್ರೊಪಿಲೀನಿಗೆ ಬಿಸಿಲು ಆಗದು. ತಡೆಯುವ ರಾಸಾಯನಿಕ ಸೇರಿಸದಿದ್ದರೆ ಎಳೆ ಪೆಡಸಾಗಿ ಪುಡಿಯಾಗುತ್ತದೆ, ಅದಕ್ಕೆ ಕಪ್ಪು ಕಾರ್ಬನ್ ಒಳ್ಳೆಯ ಕಾಪು. ಮುಚ್ಚಳವಿಲ್ಲದ ಬಾಡಿಗಾದರೆ ಹೊರಾಂಗಣಕ್ಕೆಂದೇ ತಯಾರಾದದ್ದನ್ನು ಮಾತ್ರ ಕೊಳ್ಳಿ.

ನಿಮ್ಮ ಲೇಖನ ಕಾರ್ಪೆಟ್ ಕೆಳಗೆ 12 ಮಿ.ಮೀ. ಪ್ಲೈವುಡ್ ಹಾಕಲು ಹೇಳಿದೆ. ಲೆಕ್ಕ ಹಾಕಿ ನೋಡಿ. ಒಳಗಿನ ಉದ್ದ ಒಂದೂವರೆ ಮೀಟರ್, ಅಗಲ ಒಂದೂವರೆ ಮೀಟರ್ ಇರುವ ಬಾಡಿಯ ತಳಕ್ಕೆ ಆ ಹಲಗೆ ಒಂದೇ ಸುಮಾರು 16 ಕಿಲೋ. ಅದೇ ಬಾಡಿಯ ತಳ, ಗೋಡೆ, ಡೋರು ಎಲ್ಲಕ್ಕೂ ಸೇರಿ ಚದರ ಮೀಟರಿಗೆ 600 ಗ್ರಾಂ ತೂಗುವ ಕಾರ್ಪೆಟ್ಟು, 6 ಮಿ.ಮೀ. ಫೋಮು ಹಾಕಿದರೂ ಐದು ಕಿಲೋ ದಾಟುವುದಿಲ್ಲ. ಹಲಗೆ ಕಾಲುವೆಯ ಗಾಳಿಯನ್ನೂ ತಡೆಯುತ್ತದೆ, ತಾನೂ ನೀರು ಕುಡಿಯುತ್ತದೆ. ಚೂಪು ಕಾಲಿನ ಭಾರದ ಯಂತ್ರ ಇಡುವ ದಿನ ಮಾತ್ರ ಕಾರ್ಪೆಟ್ ಮೇಲೆ ಒಂದು ಹಲಗೆ ತುಂಡು ಹಾಕಿಕೊಳ್ಳಿ, ಇಳಿಸಿದ ಮೇಲೆ ತೆಗೆದಿಡಿ.

ಮೇಲೆ ಹೇಳಿದ ಅಳತೆಯ ಬಾಡಿಗೆ, ಗೋಡೆ ಎತ್ತರ 48 ಸೆಂ.ಮೀ. ಎಂದುಕೊಂಡರೆ, ಎರಡು ಮೀಟರ್ ಅಗಲದ ಸುರುಳಿಯಲ್ಲಿ ಮೂರು ಮೀಟರ್ ಸಾಕು. ಕೈತಪ್ಪಿಗೆಂದು ಇನ್ನೊಂದು ಕಾಲು ಮೀಟರ್ ಸೇರಿಸಿ. ಕತ್ತರಿಸುವ ಕ್ರಮದಲ್ಲಿದೆ ಉಳಿತಾಯ. ಸುರುಳಿಯನ್ನು ಉದ್ದಕ್ಕೆ ಎರಡು ಪಟ್ಟಿಯಾಗಿ ಭಾವಿಸಿ: ಒಂದು 150 ಸೆಂ.ಮೀ. ಅಗಲ, ಇನ್ನೊಂದು 50. ಅಗಲದ ಪಟ್ಟಿಯಲ್ಲಿ ಮೊದಲ 150 ಸೆಂ.ಮೀ. ತಳಕ್ಕೆ, ಮುಂದಿನ 50 ಕ್ಯಾಬಿನ್ ಕಡೆಯ ಮುಂಗೋಡೆಗೆ, ಅದರ ಮುಂದಿನ 50 ಹಿಂದಿನ ಡೋರಿಗೆ, ಕೊನೆಯ 50 ಚಕ್ರದ ಉಬ್ಬುಗಳಿಗೆ ಮತ್ತು ಡೋರಿನ ಸಂದಿಗೆ. ಸಣ್ಣ ಪಟ್ಟಿಯಲ್ಲಿ ಎರಡು ಪಕ್ಕದ ಗೋಡೆಗಳು ಒಂದರ ಹಿಂದೆ ಒಂದು. ಹೀಗೆ ಕತ್ತರಿಸಿದರೆ ಎಳೆಗಳ ವಾಲು ಎಲ್ಲ ತುಂಡಿನಲ್ಲೂ ಬೇಕಾದ ದಿಕ್ಕಿಗೇ ಬರುತ್ತದೆ: ತಳದಲ್ಲೂ ಪಕ್ಕದಲ್ಲೂ ಡೋರಿನ ಕಡೆಗೆ, ಮುಂಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ. ಅಂಗೈಯಿಂದ ಸವರಿದಾಗ ನುಣುಪಾಗಿ ಮಲಗುವ ದಿಕ್ಕೇ ವಾಲು. ವಾಲು ಡೋರಿನ ಕಡೆಗಿದ್ದರೆ ಸಾಮಾನು ಎಳೆದುಕೊಳ್ಳುವುದು ಹಗುರ, ಗುಡಿಸುವುದೂ ಹಗುರ. ವಾಲು ಅಡ್ಡಾದಿಡ್ಡಿಯಾದರೆ ಒಂದೇ ಸುರುಳಿಯ ತುಂಡುಗಳು ಎರಡು ಬಣ್ಣದಂತೆ ಕಾಣುತ್ತವೆ.

ಅಳತೆಗೆ ಟೇಪ್ ಮಾತ್ರ ಸಾಲದು, ಕಾಗದದ ಅಚ್ಚು ಬೇಕು. ನಿಮ್ಮ ಪತ್ರಿಕೆಯ ಹಳೆಯ ಹಾಳೆಗಳನ್ನೇ ಮೂರು ಪದರ ಮಾಡಿ ಟೇಪ್ ಹಾಕಿದರೆ ಚೆನ್ನಾಗಿ ಬರುತ್ತದೆ (ಪುರವಣಿಯ ನುಣುಪು ಕಾಗದ ಜಾರುತ್ತದೆ). ಉಬ್ಬಿನ ಸುತ್ತ ಕಾಗದವನ್ನು ಉಗುರಿನಿಂದ ಒತ್ತಿ ಮಡಿಕೆ ಗುರುತು ಮಾಡಿಕೊಂಡು ಕತ್ತರಿಸಿ. ಅಚ್ಚಿನ ಮೇಲೆ ‘ಎಡ’, ‘ಬಲ’, ‘ಮೇಲೆ’, ‘ಎಳೆಯ ಬದಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಏಕೆಂದರೆ ಕಾರ್ಪೆಟ್ಟನ್ನು ಕತ್ತರಿಸುವುದು ಬೆನ್ನಿನ ಕಡೆಯಿಂದ. ಆಗ ಅಚ್ಚನ್ನು ಮಗುಚಿ ಇಡಬೇಕು. ಮಗುಚುವುದು ಮರೆತರೆ ಎಡಗಡೆಯ ತುಂಡು ಬಲಗಡೆಯದಾಗುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಸಾಮಾನು ಹಾಳಾಗುವುದು ಇದೊಂದೇ ತಪ್ಪಿನಿಂದ, ಅದೂ ಕೆಲಸ ಗೊತ್ತಿರುವವರ ಕೈಯಲ್ಲೇ. ಅಂಚಿಗೆ 10 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಗಾಡಿಯಲ್ಲಿ ಕೂರಿಸಿ ನೋಡಿದ ಮೇಲೆ ಸವರಿ. ಬ್ಲೇಡು ಹೊಸದಿರಲಿ, ಪ್ರತಿ ಎರಡು ಮೂರು ಮೀಟರಿಗೆ ಬದಲಿಸಿ; ಮೊಂಡು ಬ್ಲೇಡು ಎಳೆಯನ್ನು ಕೊಯ್ಯುವುದಿಲ್ಲ, ಕೀಳುತ್ತದೆ. ಸುರುಳಿ ಸುತ್ತಿಕೊಂಡೇ ಇದ್ದರೆ ಒಂದೆರಡು ಗಂಟೆ ಬಿಸಿಲಲ್ಲಿ ಹರವಿ.

ಇನ್ನು ತಗಡು. ಬಾಡಿಯೊಳಗೆ ಪ್ಲಾಸ್ಟಿಕ್ ಲೈನರ್ (ಒಳಹೊದಿಕೆ) ಇದ್ದರೆ ಮೊದಲು ಹೊರಗೆ ತೆಗೆಯಿರಿ. ಅದರ ಮೇಲೆ ಕಾರ್ಪೆಟ್ ಹಾಕಬಹುದು ಎನ್ನುವವರಿದ್ದಾರೆ, ಅದಕ್ಕೆಂದೇ ಅಳತೆ ಮಾಡಿದ ಕಿಟ್ಟುಗಳೂ ಸಿಗುತ್ತವೆ. ನನ್ನ ಮತ ಬೇರೆ. ಆ ಪ್ಲಾಸ್ಟಿಕ್ಕು ಅದುರಿ ಅದುರಿ ಅಡಿಯ ಬಣ್ಣ ಸವೆಸಿರುತ್ತದೆ, ಅದರ ಅಡಿಯಲ್ಲಿ ಮಣ್ಣು ನೀರು ಸೇರಿರುತ್ತದೆ. ಅದನ್ನು ನೋಡದೆ ಮೇಲೆ ಇನ್ನೊಂದು ಹೊದಿಕೆ ಹಾಕುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಸಾಲದ್ದಕ್ಕೆ ಲೈನರಿನ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಬಾಡಿ ತೊಳೆದು ಒಣಗಿಸಿದ ಮೇಲೆ ಮುಖ್ಯವಾಗಿ ನೋಡಬೇಕಾದ್ದು ಮೂರು ಕಡೆ: ಮುಂಗೋಡೆ ತಳವನ್ನು ಸೇರುವ ಮೂಲೆ, ಚಕ್ರದ ಉಬ್ಬಿನ ಬುಡದ ಬೆಸುಗೆ, ಬಾಡಿಯನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಸುತ್ತ. ತುಕ್ಕಿದ್ದರೆ ಹೊಳೆಯುವ ಲೋಹ ಕಾಣುವವರೆಗೆ ತಂತಿ ಬ್ರಶ್ಶು, ಆಮೇಲೆ 80 ನಂಬರಿನ ಎಮರಿ ಕಾಗದ, ಅಂಚು ಇಳಿಸಲು 240 ನಂಬರಿನದು, ಎರಡು ಕೋಟು ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಬಣ್ಣ ಮುಟ್ಟಲು ಒಣಗಿದೆ ಎಂದ ಮಾತ್ರಕ್ಕೆ ಅಂಟು ಹಾಕಬೇಡಿ. ಒಳಗಿನ ದ್ರಾವಕ ಇನ್ನೂ ಹೊರಬರುತ್ತಿರುತ್ತದೆ. ಅದು ಕಾರ್ಪೆಟ್ ಹಿಡಿಸುವ ಅಂಟುಟೇಪಿನ ಅಡಿಯಲ್ಲಿ ಗುಳ್ಳೆ ಏಳಿಸುತ್ತದೆ, ಮುಂದೊಂದು ದಿನ ಟೇಪು ಕೀಳುವಾಗ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ. ಡಬ್ಬದ ಮೇಲೆ ಪೂರ್ತಿ ಗಟ್ಟಿಯಾಗಲು ಎಷ್ಟು ದಿನ ಎಂದು ಬರೆದಿದೆಯೋ ಅಷ್ಟು ದಿನ ಕಾಯಿರಿ.

ನೀರು ಹೋಗುವ ತೂತುಗಳನ್ನು ಹುಡುಕುವುದಕ್ಕೆ ಕಣ್ಣಿಗಿಂತ ನೀರೇ ಮೇಲು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಮುಂಗೋಡೆಯ ಬುಡಕ್ಕೆ ಒಂದು ಚೊಂಬು ನೀರು ಸುರಿದು, ಕೂತು ನೋಡಿ. ನೀರು ಕಾಲುವೆ ಹಿಡಿದು ಹರಿದು ಎಲ್ಲಿ ಮಾಯವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮತ್ತೆ ಮುಂಭಾಗ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಇನ್ನೊಂದು ಚೊಂಬು. ಕಾರ್ಖಾನೆ ಕೊಟ್ಟ ತೂತು ಮಣ್ಣು ಕಟ್ಟಿದ್ದರೆ ಕಡ್ಡಿ ಆಡಿಸಿ ಬಿಡಿಸಿ. ಕಾಲುವೆಯೊಳಗಿನ ತೂತಿನ ಮೇಲೆ ಕಾರ್ಪೆಟ್ ಸೇತುವೆಯಾಗಿ ಹಾದುಹೋದರೆ ತೊಂದರೆಯಿಲ್ಲ. ತೂತು ಮೂಲೆಯಲ್ಲಿದ್ದು ಕಾರ್ಪೆಟ್ ಅದಕ್ಕೇ ಒತ್ತಿ ಕೂರುವಂತಿದ್ದರೆ ಅಲ್ಲಿ 25 ಮಿ.ಮೀ. ಕಚ್ಚು ಹಾಕಿ.

ಹಿಡಿಸುವುದಕ್ಕೆ 50 ಮಿ.ಮೀ. ಅಗಲದ, ಹಿಂಬದಿ ಅಂಟಿರುವ ವೆಲ್ಕ್ರೊ. ಮುಳ್ಳಿನ ಪಟ್ಟಿ ತಗಡಿಗೆ, ಮೆತ್ತನೆಯದು ಕಾರ್ಪೆಟ್ ಬೆನ್ನಿಗೆ. 10 ಸೆಂ.ಮೀ. ತುಂಡುಗಳು ಹೀಗೆ ಬೇಕಾಗುತ್ತವೆ: ಪಕ್ಕದ ಗೋಡೆ ಒಂದೊಂದಕ್ಕೆ ಐದು, ಮೇಲಂಚಿಗೆ ಮೂರು ಮತ್ತು ಕೆಳಗೆ ಎರಡು, ಮುಂಗೋಡೆಗೆ ಐದು, ಡೋರಿಗೆ ಎಂಟು, ಏಕೆಂದರೆ ದಿನಕ್ಕೆ ಹತ್ತು ಸಲ ಧಡಾರನೆ ಬೀಳುವುದು ಅದೊಂದೇ, ತಳಕ್ಕೆ ಆರು, ಮುಂಚೂಣಿಯಲ್ಲಿ ನಾಲ್ಕು ಮತ್ತು ಹಿಂದಿನ ಎರಡು ಮೂಲೆಗೆ ಒಂದೊಂದು. ಒಟ್ಟು 29 ತುಂಡು, ಅಂದರೆ ಮೂರು ಮೀಟರಿಗೆ ಸ್ವಲ್ಪ ಕಡಿಮೆ. ತಳಕ್ಕೆ ಇಷ್ಟು ಸಾಕೇ ಎಂದು ಅನುಮಾನ ಬೇಡ. ವೆಲ್ಕ್ರೊ ಜಾರುವಿಕೆಗೆ ಗಟ್ಟಿ, ಸುಲಿಯುವಿಕೆಗೆ ಬಿಡುತ್ತದೆ. ತಳದ ಕಾರ್ಪೆಟ್ಟಿನ ಮೇಲೆ ಬೀಳುವುದು ಜಾರಿಸುವ ಬಲ ಮಾತ್ರ; ಎತ್ತುವವರು ನೀವೇ. ಗೋಡೆಯ ಮೇಲಂಚಿನಲ್ಲಿ ಸಾಮಾನು ತಗುಲಿ ಸುಲಿಯುತ್ತದೆ, ಅದಕ್ಕೇ ಅಲ್ಲಿ ಹೆಚ್ಚು.

ಅಂಟು ಅಕ್ರಿಲಿಕ್ ಜಾತಿಯದಿರಲಿ. ಕಡುಬಣ್ಣದ ತಗಡು ಸುಡುಬಿಸಿಲಲ್ಲಿ 60 ಡಿಗ್ರಿ ದಾಟಬಹುದು, ಆ ಕಾವಿಗೆ ರಬ್ಬರ್ ಜಾತಿಯ ಅಂಟು ಮೆತ್ತಗಾಗಿ ಪಟ್ಟಿ ನಿಧಾನಕ್ಕೆ ಕೆಳಗೆ ಜಾರುತ್ತದೆ. ಅಕ್ರಿಲಿಕ್ಕಿನ ಗುಣ ಬೇರೆ: ತಕ್ಷಣ ಹಿಡಿದಂತೆ ಕಾಣುವುದಿಲ್ಲ, ಬಿಡಿಸಿದರೆ ಬಂದುಬಿಡುತ್ತದೆ, ಆದರೆ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಸುಮಾರು ಅರ್ಧ ಬಲ, 24 ಗಂಟೆಗೆ ನೂರಕ್ಕೆ ತೊಂಬತ್ತು, 72 ಗಂಟೆಗೆ ಪೂರ್ತಿ ಬಲ ಬರುತ್ತದೆ. ಅಷ್ಟರೊಳಗೆ ಎಳೆದು ಪರೀಕ್ಷಿಸಿದರೆ ನೀವೇ ಕೆಡಿಸಿದಂತೆ. ತಗಡಿನ ಉಷ್ಣತೆ 20ರಿಂದ 38 ಡಿಗ್ರಿಯೊಳಗಿರಲಿ, 10ಕ್ಕಿಂತ ಕೆಳಗೆ ಹೋದರೆ ಆ ದಿನ ಕೆಲಸ ಬೇಡ.

ಒರೆಸುವುದರಲ್ಲಿ ಎಲ್ಲರೂ ಆತುರ ಮಾಡುತ್ತಾರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಸಮ. ಒಂದು ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿ. ಒಂದೇ ಬಟ್ಟೆಯನ್ನು ಹಿಂದೆ ಮುಂದೆ ಉಜ್ಜಿದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ಸೀಮೆಎಣ್ಣೆ, ಡೀಸೆಲ್ಲು ಹತ್ತಿರ ತರಬೇಡಿ. ಒಣಗಿದಂತೆ ಕಂಡರೂ ಎಣ್ಣೆಯ ಪೊರೆ ಬಿಟ್ಟೇ ಹೋಗುತ್ತವೆ. ಪಾಲಿಶ್ ಮಾಡಿದ ಗಾಡಿಯಾದರೆ ಸಿಲಿಕೋನ್ ಇರುತ್ತದೆ, ಅಲ್ಲಿ ಮೂರು ನಾಲ್ಕು ಸಲ. ಪಟ್ಟಿಯನ್ನು ಎರಡೂ ಬದಿ ಜೋಡಿಸಿಯೇ ಕಾರ್ಪೆಟ್ಟಿಗೆ ಅಂಟಿಸಿ, ಮುಳ್ಳಿನ ಬದಿಯ ಹಾಳೆ ಸುಲಿದು, ತುಂಡನ್ನು ಜಾಗಕ್ಕೆ ಕೂರಿಸಿ ಒತ್ತಿ. ಹೀಗೆ ಮಾಡಿದರೆ ಎರಡು ಪಟ್ಟಿಗಳು ಒಂದಕ್ಕೊಂದು ತಪ್ಪುವ ಪ್ರಶ್ನೆಯೇ ಇಲ್ಲ. ಆಮೇಲೆ ಕಾರ್ಪೆಟ್ ಮೆಲ್ಲಗೆ ಬಿಡಿಸಿ, ತಗಡಿನ ಮೇಲೆ ಉಳಿದ ಮುಳ್ಳಿನ ಪಟ್ಟಿಯನ್ನು ರೋಲರಿನಿಂದ ಗಟ್ಟಿಯಾಗಿ ಒತ್ತಿ. ಈ ಒತ್ತಡವೇ ಅಂಟಿಗೆ ಜೀವ. ವಾರದೊಳಗೆ ಮೂಲೆ ಎದ್ದಿತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಜಿಡ್ಡಿನಿಂದ, ಚಳಿಯಿಂದ ಅಥವಾ ಒತ್ತದೆ ಬಿಟ್ಟದ್ದರಿಂದ, ಟೇಪಿನದು ತಪ್ಪಲ್ಲ.

ಸ್ಕ್ರೂ ಹಾಕಿ ಮುಗಿಸಿಬಿಡೋಣ ಎಂಬ ಆಸೆ ಬರುತ್ತದೆ. ಪ್ರತಿ ಹೊಸ ತೂತೂ ತುಕ್ಕಿಗೆ ಬಾಗಿಲು. ಮೊದಲೇ ಇರುವ ಸ್ಕ್ರೂ ತೂತುಗಳನ್ನು ಬಳಸಿಕೊಳ್ಳಿ, ಹೊಸದು ಕೊರೆಯಬೇಡಿ.

ಕೂರಿಸುವ ಕ್ರಮದಲ್ಲಿ ಎರಡು ಮತಗಳಿವೆ. ತಳ ಮೊದಲು ಹಾಸಿ ಗೋಡೆಯ ತುಂಡು ಅದರ ಮೇಲೆ ಬರಲಿ, ಹೆಂಚಿನ ಹಾಗೆ ನೀರು ಮೇಲಿನಿಂದ ಮೇಲೇ ಹರಿಯಲಿ ಎನ್ನುವವರು ಕೆಲವರು. ಆದರೆ ಹಾಗಾದರೆ ತಳ ಎತ್ತಲು ಗೋಡೆಯನ್ನೂ ಬಿಚ್ಚಬೇಕು, ಬಿಚ್ಚುವ ಸೋಮಾರಿತನಕ್ಕೆ ಯಾರೂ ಎತ್ತುವುದೇ ಇಲ್ಲ. ಮುಂಗೋಡೆ ಮೊದಲು, ಪಕ್ಕದ ಗೋಡೆಗಳು ಆಮೇಲೆ, ಅವುಗಳ ಕೆಳ ಅಂಚು ತಗಡಿನಿಂದ 10–15 ಮಿ.ಮೀ. ಮೇಲೇ ನಿಲ್ಲಲಿ, ತಳ ಕೊನೆಗೆ. ಗೋಡೆಯ ಹಿಂದೆ ಇಳಿದ ನೀರು ಆ ಸಂದಿಯಿಂದ ಕಾಲುವೆಗೆ ಹೋಗುತ್ತದೆ, ತಳ ಒಂದೇ ತುಂಡಾಗಿ ಎದ್ದು ಬರುತ್ತದೆ.

ಚಕ್ರದ ಉಬ್ಬು ಎಲ್ಲರ ತಾಳ್ಮೆ ಪರೀಕ್ಷಿಸುವ ಜಾಗ. ಒಂದೇ ತುಂಡಿನಲ್ಲಿ ಸುತ್ತಲು ಹೋದರೆ ಸುಕ್ಕು ಖಚಿತ. ಕಮಾನಿನ ಮೇಲೆ ಒಂದು ಪಟ್ಟಿ, ಬಾಡಿಯ ಒಳಮುಖಕ್ಕೆ ಒಂದು ಅರ್ಧಚಂದ್ರ, ಇಷ್ಟಕ್ಕೆ ಬಿಡಿಸಿಕೊಳ್ಳಿ. ಪಟ್ಟಿಯ ಅಂಚಿನಲ್ಲಿ ನಾಲ್ಕು ಸೆಂ.ಮೀ.ಗೊಂದು ಇಂಗ್ಲಿಷಿನ ‘ವಿ’ ಆಕಾರದ ಕಚ್ಚು ಕೊಟ್ಟರೆ ಬಾಗುತ್ತದೆ. ಹೀಟ್ ಗನ್ ಬಳಸುವುದಾದರೆ ಬೆನ್ನಿನ ಕಡೆಯಿಂದ, ಒಂದು ಅಡಿ ದೂರದಿಂದ, ಕೈ ನಿಲ್ಲಿಸದೆ. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ. ಎಳೆಯ ತುದಿ ಹೊಳೆಯತೊಡಗಿತೆಂದರೆ ಆಗಲೇ ತಡವಾಯಿತು, ಆ ಗಾಜಿನಂಥ ಕಲೆ ಮತ್ತೆ ಹೋಗದು. ಸೊಲ್ಯೂಷನ್ ಬಳಕೆಗೆ ನಾನು ಒಪ್ಪುವುದು ಇದೊಂದೇ ಜಾಗದಲ್ಲಿ, ಏಕೆಂದರೆ ಉಬ್ಬಿನ ನೆತ್ತಿಯಲ್ಲಿ ನೀರು ನಿಲ್ಲುವುದಿಲ್ಲ. ಎರಡೂ ಮೈಗೆ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒಮ್ಮೆಗೇ ಕೂರಿಸಿ. ಮೊದಲು ಒಂದು ಚೂರು ಫೋಮಿಗೆ ಬಳಿದು ನೋಡಿ, ಕೆಲವು ಫೋಮುಗಳನ್ನು ಅದರ ದ್ರಾವಕ ತಿಂದುಹಾಕುತ್ತದೆ. ಆವಿ ತಲೆಗೇರುವಂಥದು, ಬೆಂಕಿಯನ್ನೂ ಬೇಗ ಹಿಡಿಯುವಂಥದು. ಕ್ಯಾನಪಿಯ ಒಳಗೆ ಬಾಗಿಲು ಮುಚ್ಚಿಕೊಂಡು ಬಳಿಯಬೇಡಿ.

ಹಗ್ಗ ಕಟ್ಟುವ ಕೊಂಡಿಗಳಿಗೆ ದುಂಡು ತೂತು ಕೊರೆಯದೆ, 40 ಮಿ.ಮೀ.ನ ಎರಡು ಗೀಟು ಒಂದನ್ನೊಂದು ದಾಟುವಂತೆ ಕೊಯ್ದು ಕೊಂಡಿಯನ್ನು ಹೊರಗೆ ಎಳೆಯಿರಿ. ನಾಲ್ಕು ಕಿವಿಗಳು ಕೊಂಡಿಯ ಬುಡ ಮುಚ್ಚುತ್ತವೆ, ಕಾರ್ಪೆಟ್ ಎತ್ತಲೂ ಅಡ್ಡಿಯಾಗುವುದಿಲ್ಲ.

ಡೋರಿನ ತುಂಡನ್ನು ಮೂರೂ ಕಡೆ ಅಂಚಿನಿಂದ 15 ಮಿ.ಮೀ. ಒಳಕ್ಕೆ ನಿಲ್ಲಿಸಿ. ಅಂಚಿನವರೆಗೆ ಹೊದಿಸಿದರೆ ಫೋಮು ಚೌಕಟ್ಟಿಗೆ ಒತ್ತಿ ಲಾಕ್ ಕೂರುವುದಿಲ್ಲ. ಆಗ ಜನ ಡೋರನ್ನು ಇನ್ನೂ ಜೋರಾಗಿ ಬಡಿಯುತ್ತಾರೆ, ಕೊನೆಗೆ ಲಾಕಿನ ಕೊಕ್ಕೆ ಬಾಗುತ್ತದೆ. ಡೋರಿನ ಒಳಮುಖದಲ್ಲಿ ಲಾಕಿನ ಸರಳುಗಳಿಗೆ ಕೈ ಹಾಕಲು ಸ್ಕ್ರೂ ಹಾಕಿದ ಒಂದು ತಗಡಿನ ಮುಚ್ಚಳವಿರುತ್ತದೆ. ಅದರ ಮೇಲಿನ ಕಾರ್ಪೆಟ್ ತುಂಡು ಪ್ರತ್ಯೇಕವಾಗಿರಲಿ. ಡೋರಿಗೂ ತಳಕ್ಕೂ ನಡುವಿನ ಸಂದಿ ಮುಚ್ಚುವ ಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ: ಡೋರು ಬಿಚ್ಚಿ ಮಲಗಿದಾಗ ಸಂದಿ ಅಗಲವಾಗುತ್ತದೆ. ಮುಚ್ಚಿದಾಗ ಅಳೆದು ಎರಡೂ ಕಡೆ ಹಿಡಿಸಿದರೆ ಮೊದಲ ಸಲ ಬಿಚ್ಚಿದಾಗಲೇ ಪಟ್ಟಿ ಕಿತ್ತುಬರುತ್ತದೆ. ಡೋರು ಪೂರ್ತಿ ಬಿಚ್ಚಿಟ್ಟು ಅಳೆಯಿರಿ, ತಳದ ಕಡೆ ಮಾತ್ರ ಹಿಡಿಸಿ, ಡೋರಿನ ಕಡೆ ಸುಮ್ಮನೆ ಮಲಗಲಿ.

ನಿರ್ವಹಣೆ ದೊಡ್ಡದೇನಲ್ಲ. ಡೋರು ಬಿಚ್ಚಿ, ಮುಂಭಾಗ ಏರಿನಲ್ಲಿ ನಿಲ್ಲಿಸಿ, ಮುಂಗೋಡೆಯಿಂದ ಪೈಪಿನಲ್ಲಿ ನೀರು ಬಿಟ್ಟರೆ ಧೂಳೆಲ್ಲ ಇಳಿಯುತ್ತದೆ. ಪ್ರೆಶರ್ ವಾಷರಿನ ಮೂತಿಯನ್ನು ಅಂಚುಗಳ ಹತ್ತಿರ ಹಿಡಿಯಬೇಡಿ, ಪಟ್ಟಿಯಡಿ ನೀರು ನುಗ್ಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತಳ ಎತ್ತಿ ಅಂಗೈಯಿಂದ ಕಾಲುವೆ ಸವರಿ ನೋಡಿ. ಬ್ಯಾಟರಿ ಆಸಿಡ್ ಚೆಲ್ಲಿದರೆ ಈ ಎಳೆಗೆ ಏನೂ ಆಗುವುದಿಲ್ಲ, ಅದೇ ಮೋಸ. ಆಸಿಡ್ ಸದ್ದಿಲ್ಲದೆ ಕೆಳಗಿಳಿದು ತಗಡು ತಿನ್ನುತ್ತದೆ. ಅಡಿಗೆ ಸೋಡದ ನೀರು ಸುರಿದು, ನೊರೆ ನಿಂತ ಮೇಲೆ ಕಾರ್ಪೆಟ್ ಎತ್ತಿ ಎರಡನ್ನೂ ತೊಳೆಯಿರಿ. ಎಣ್ಣೆ ಮಾತ್ರ ಇದಕ್ಕೆ ಶತ್ರು. ಸಮುದ್ರದಲ್ಲಿ ಚೆಲ್ಲಿದ ತೈಲ ಹೀರಲು ಬಳಸುವ ಹಾಸುಗಳು ಇದೇ ಪಾಲಿಪ್ರೊಪಿಲೀನಿನವು ಎಂದರೆ ಎಷ್ಟು ಹೀರುತ್ತದೆ ನೀವೇ ಊಹಿಸಿ. ಜ್ಯಾಕು, ಎಂಜಿನ್ ಭಾಗ ಇಡುವಾಗ ಅಡಿಗೆ ಒಂದು ತಟ್ಟೆ ಇರಲಿ.

ಈಗ ಆ ಚಿತ್ರ. ಪೆಟ್ರೋಲ್ ಕ್ಯಾನನ್ನು ಕಾರ್ಪೆಟ್ಟಿನ ಮೇಲೋ ಪ್ಲಾಸ್ಟಿಕ್ ಲೈನರಿನ ಮೇಲೋ ಇಟ್ಟು ತುಂಬಿಸಬಾರದು. ಪೆಟ್ರೋಲ್ ನಳಿಕೆಯಿಂದ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಕ್ಯಾನ್ ನೆಲದ ಮೇಲಿದ್ದರೆ ಆ ವಿದ್ಯುತ್ತು ನೆಲಕ್ಕಿಳಿಯಲು ದಾರಿ ಸಿಗುತ್ತದೆ. ಕಾರ್ಪೆಟ್ ಆ ದಾರಿಯನ್ನು ಕಡಿದುಹಾಕುತ್ತದೆ, ವಿದ್ಯುತ್ ಕ್ಯಾನಿನಲ್ಲೇ ಶೇಖರವಾಗಿ, ನಳಿಕೆಗೂ ಕ್ಯಾನಿಗೂ ನಡುವೆ ಕಿಡಿ ಹಾರುತ್ತದೆ. ಕಿಡಿ ಹಾರುವ ಜಾಗ ಕ್ಯಾನಿನ ಬಾಯಿ, ಅಂದರೆ ಪೆಟ್ರೋಲಿನ ಆವಿ ತುಂಬಿರುವ ಜಾಗವೇ. ಲೋಹದ ಕ್ಯಾನ್ ಆದರೆ ಪರವಾಗಿಲ್ಲ ಎಂದುಕೊಳ್ಳಬೇಡಿ, ನೆಲದಿಂದ ಬೇರ್ಪಟ್ಟ ಲೋಹದ ಕ್ಯಾನ್ ಇನ್ನೂ ಅಪಾಯ. ಹೀಗೆ ಬೆಂಕಿ ಹೊತ್ತಿಕೊಂಡ ಘಟನೆಗಳನ್ನು ಮುಂದಿಟ್ಟು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1998ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಡಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನಕ್ಕೆ ತುಂಬಿಸಿ, ಮುಚ್ಚಳ ಬಿಗಿದ ಮೇಲೆ ಗಾಡಿಗೆ ಏರಿಸಿ.

ಮುಂದಿನ ಪುರವಣಿಯಲ್ಲಿ ಆ ಚಿತ್ರಕ್ಕೊಂದು ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಪತ್ರ ಉದ್ದವಾಗಿದೆ. ಜಾಗ ಸಾಲದೆ ಕತ್ತರಿ ಆಡಿಸುವುದಾದರೆ ಕ್ಯಾನಿನ ಭಾಗವೊಂದನ್ನು ಬಿಟ್ಟು ಬೇರೆ ಎಲ್ಲಿ ಬೇಕಾದರೂ ಆಡಿಸಿ.

ಇಂತಿ,
ವಾಹನಗಳ ಒಳಹೊದಿಕೆ ಕೆಲಸದ ಒಬ್ಬ ಓದುಗ